ಶೋಕದ ಅಳತೆ ಮತ್ತು ತಿಥಿಯ ಲೆಕ್ಕ: ದೀರ್ಘಶೋಕದ ಪ್ರಶ್ನಾವಳಿಗಳನ್ನು ಕುರಿತ ಒಂದು ಜಾನಪದೀಯ ವಿಮರ್ಶೆ

ಸತ್ತವರಿಗಾಗಿ ಬದುಕಿರುವವರು ಎಷ್ಟು ಕಾಲ ದುಃಖಿಸುವುದು ಸಹಜ, ಎಲ್ಲಿಂದಾಚೆಗೆ ಆ ದುಃಖ ವ್ಯಾಧಿಯಾಗುತ್ತದೆ ಎಂಬ ಪ್ರಶ್ನೆಗೆ ಮನೋವೈದ್ಯಶಾಸ್ತ್ರವು ಈಚೆಗೆ ಅಧಿಕೃತ ಉತ್ತರವೊಂದನ್ನು ನೀಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಪರಿಷ್ಕರಣವನ್ನು 2019ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಅಂಗೀಕರಿಸಿತು; 2022ರ ಜನವರಿಯಿಂದ ಅದು ಜಾರಿಗೆ ಬಂದಿತು. ಅದರಲ್ಲಿ ದೀರ್ಘಶೋಕದ ವ್ಯಾಧಿಗೆ ಪ್ರತ್ಯೇಕ ಸ್ಥಾನ ದೊರೆತಿದ್ದು, ಕಾಲಮಿತಿಯನ್ನು ಆರು ತಿಂಗಳೆಂದು ಗೊತ್ತುಪಡಿಸಲಾಗಿದೆ. ಅದೇ ವರ್ಷದ ಮಾರ್ಚ್‌ನಲ್ಲಿ ಅಮೆರಿಕದ ಮನೋವೈದ್ಯ ಸಂಘವು ಹೊರತಂದ ಡಿಎಸ್‌ಎಂ-5-ಟಿಆರ್ ಎಂಬ ಕೈಪಿಡಿಯು ವಯಸ್ಕರಿಗೆ 12 ತಿಂಗಳು, ಮಕ್ಕಳಿಗೆ 6 ತಿಂಗಳು ಎಂದು ನಿಗದಿ ಮಾಡಿದೆ. ಎರಡರಲ್ಲಿಯೂ ಒಂದು ಷರತ್ತು ಸಮಾನವಾಗಿದೆ: ಶೋಕವು ಆ ವ್ಯಕ್ತಿಯ ಸಮಾಜ, ಸಂಸ್ಕೃತಿ ಹಾಗೂ ಧರ್ಮಗಳು ಸಹಜವೆಂದು ಒಪ್ಪುವ ಮಟ್ಟವನ್ನು ಸ್ಪಷ್ಟವಾಗಿ ಮೀರಿರಬೇಕು.

ಜಾನಪದ ವಿದ್ವಾಂಸರ ಗಮನಕ್ಕೆ ಬರಬೇಕಾದದ್ದು ಈ ಷರತ್ತು. ತಿಂಗಳುಗಳನ್ನು ಎಣಿಸುವ ಕೆಲಸವನ್ನು ವೈದ್ಯರು ತಾವೇ ಇಟ್ಟುಕೊಂಡಿದ್ದಾರೆ. ಸಂಸ್ಕೃತಿಯ ಮಟ್ಟ ಯಾವುದೆಂದು ಹೇಳುವ ಕೆಲಸವನ್ನು ಹೆಸರು ಹೇಳದೆ ನಮ್ಮ ಕಡೆಗೆ ದಾಟಿಸಿದ್ದಾರೆ. ಆ ಮಟ್ಟವನ್ನು ಹೇಳಬಲ್ಲ ಸ್ಥಿತಿಯಲ್ಲಿ ನಾವು ಇದ್ದೇವೆಯೇ? ಅಂತಹ ಮಟ್ಟವೊಂದು ನಿಜಕ್ಕೂ ಇದೆಯೇ? ಶೋಕವನ್ನು ಅಳೆಯುವ ಪ್ರಶ್ನಾವಳಿಗಳನ್ನು ಪಠ್ಯಗಳೆಂದು ಭಾವಿಸಿ ಹಳೆಯ ಮೈಸೂರು ಸೀಮೆಯ ಮರಣಾಚರಣೆಗಳ ಜೊತೆಗಿಟ್ಟು ಓದುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಪ್ರಶ್ನಾವಳಿಗಳ ಇತಿಹಾಸ ದೀರ್ಘವಾದುದಲ್ಲ. ಹಾಲಿ ಪ್ರಿಗರ್ಸನ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ 19 ವಾಕ್ಯಗಳ ಪಟ್ಟಿ ಇವುಗಳಲ್ಲಿ ಹೆಚ್ಚು ಬಳಕೆಗೆ ಬಂದದ್ದು. ಅದನ್ನು ಹಲವು ಬಾರಿ ಪರಿಷ್ಕರಿಸಲಾಗಿದೆ. 2020ರಲ್ಲಿ ಕ್ಲೇರ್ ಕಿಲ್ಲಿಕೆಲಿ, ಆಂದ್ರಿಯಾಸ್ ಮೇರ್ಕರ್ ಮೊದಲಾದವರು ಜರ್ಮನ್ ಭಾಷಿಕರನ್ನೂ ಚೀನೀಯರನ್ನೂ ಕೇಳಿ ರೂಪಿಸಿದ ಅಳತೆಗೋಲಿನಲ್ಲಿ ಸಂಸ್ಕೃತಿಗೆ ಸಂಬಂಧಿಸಿದ ಪುರವಣಿಯೊಂದು ಸೇರಿತು. ಸಂಸ್ಕೃತಿಯನ್ನು ಪುರವಣಿಯಾಗಿಸಿದುದರ ಬಗೆಗೆ ನನಗೆ ಆಕ್ಷೇಪವಿದ್ದರೂ, ಈ ಪ್ರಯತ್ನದ ಪ್ರಾಮಾಣಿಕತೆಯನ್ನು ಅಲ್ಲಗಳೆಯುವಂತಿಲ್ಲ. ಹಲವು ಅಧ್ಯಯನಗಳನ್ನು ಒಗ್ಗೂಡಿಸಿದ 2017ರ ವಿಶ್ಲೇಷಣೆಯೊಂದು, ಬಂಧುಗಳನ್ನು ಕಳೆದುಕೊಂಡ ವಯಸ್ಕರಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ದೀರ್ಘಶೋಕಕ್ಕೆ ಒಳಗಾಗುತ್ತಾರೆಂದು ಹೇಳಿತು. ಅದಕ್ಕೆ ಆಧಾರವಾದ ಅಧ್ಯಯನಗಳಲ್ಲಿ ಹೆಚ್ಚಿನವು ಪಾಶ್ಚಾತ್ಯ ದೇಶಗಳವು ಎಂಬುದನ್ನು ಮರೆಯಬಾರದು. ಒಂದು ಸಂಸ್ಕೃತಿಯಲ್ಲಿ ಹುಟ್ಟಿದ ರೋಗವರ್ಗವನ್ನು ಮತ್ತೊಂದರ ಮೇಲೆ ಹೊರಿಸಿ, ಅಲ್ಲಿಯೂ ಅದು ಕಾಣುತ್ತದೆಂಬುದನ್ನೇ ಅದರ ಸಾರ್ವತ್ರಿಕತೆಗೆ ಸಾಕ್ಷಿಯೆನ್ನುವ ದೋಷವನ್ನು ಆರ್ಥರ್ ಕ್ಲೈನ್‌ಮನ್ 1977ರಷ್ಟು ಹಿಂದೆಯೇ ಗುರುತಿಸಿದ್ದರು.

ಮೊದಲಿಗೆ ಕಾಲದ ಎಣಿಕೆಯನ್ನು ನೋಡೋಣ. ಮೈಸೂರಿನ ಒಂಟಿಕೊಪ್ಪಲ್ ಇಂದು ವಾಣಿವಿಲಾಸ ಮೊಹಲ್ಲಾದೊಡನೆ ಬೆರೆತುಹೋದ ನಗರದ ಬಡಾವಣೆ. ಹೆಸರಿನಲ್ಲಿ ಮಾತ್ರ ಕೊಪ್ಪಲು ಉಳಿದಿದೆ. ಆದರೆ ಹಳೆಯ ಮೈಸೂರು ಸೀಮೆಯಲ್ಲಿ ಒಂಟಿಕೊಪ್ಪಲ್ ಎಂದೊಡನೆ ನೆನಪಾಗುವುದು ಊರಿಗಿಂತ ಮೊದಲು ಪಂಚಾಂಗ. ಯುಗಾದಿಗೆ ಮುನ್ನ ಕೊಂಡು ತಂದು ದೇವರ ಮನೆಯಲ್ಲೋ ಗೋಡೆಯ ಮೊಳೆಯಲ್ಲೋ ಇಡುವ ಆ ಪುಸ್ತಕವನ್ನು ಮದುವೆಯ ಮುಹೂರ್ತಕ್ಕಾಗಿ ತೆರೆಯುವವರೆಷ್ಟೋ, ತೀರಿಕೊಂಡ ತಂದೆತಾಯಿಯರ ತಿಥಿ ಈ ವರ್ಷ ಯಾವ ದಿನ ಬೀಳುತ್ತದೆಂದು ನೋಡಲು ತೆರೆಯುವವರೂ ಅಷ್ಟೇ. ಶೋಕದ ಕಾಲಗಣನೆಗೆ ಈ ಸೀಮೆಯಲ್ಲಿ ಮುದ್ರಿತ ಅಳತೆಗೋಲೊಂದು ಇದೆಯೆಂದಾದರೆ ಅದು ಪಂಚಾಂಗವೇ.

ಇಲ್ಲಿ ತಿಥಿ ಎಂಬ ಶಬ್ದವನ್ನು ಕುರಿತು ಒಂದು ಮಾತು. ಪಂಚಾಂಗದಲ್ಲಿ ಅದು ಚಾಂದ್ರಮಾನದ ದಿನ. ಮೈಸೂರು, ಮಂಡ್ಯ ಭಾಗದ ಆಡುಮಾತಿನಲ್ಲಿ ಸತ್ತ ಹನ್ನೊಂದನೆಯ ದಿನದ ಕಾರ್ಯಕ್ಕೇ ತಿಥಿಯೆಂದು ಹೆಸರು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಜನರನ್ನೇ ಪಾತ್ರಧಾರಿಗಳನ್ನಾಗಿಸಿ ರಾಮ್ ರೆಡ್ಡಿ ಅವರು 2015ರಲ್ಲಿ ತೆಗೆದ ಚಲನಚಿತ್ರದ ಶೀರ್ಷಿಕೆಗೂ ಇದೇ ಅರ್ಥ. ಕಾಲದ ಘಟಕವೇ ಕರ್ಮದ ಹೆಸರಾಗಿರುವುದು ಆಕಸ್ಮಿಕವಲ್ಲ. ಇಂತಹ ಕಡೆ ಅಂತ್ಯಕ್ರಿಯೆಯೆಂದರೆ ಕಾಲವನ್ನು ಗೊತ್ತುಪಡಿಸುವ ಕ್ರಿಯೆಯೂ ಹೌದು.

ವೈದಿಕ ಸಂಪ್ರದಾಯದ ಮನೆಗಳಲ್ಲಿ ಮೊದಲ ವರ್ಷಕ್ಕೆ ಷೋಡಶ ಶ್ರಾದ್ಧಗಳಿವೆ: ಹನ್ನೆರಡು ಮಾಸಿಕಗಳು, ಅವುಗಳ ಜೊತೆಗೆ ಊನಮಾಸಿಕ, ತ್ರೈಪಾಕ್ಷಿಕ, ಊನಷಾಣ್ಮಾಸಿಕ ಮತ್ತು ಊನಾಬ್ದಿಕ. ಊನವೆಂದರೆ ಅವಧಿ ತುಂಬುವುದಕ್ಕೆ ಸ್ವಲ್ಪ ಮೊದಲು. ಆರು ತಿಂಗಳು, ಹನ್ನೆರಡು ತಿಂಗಳು ಎಂಬ ವೈದ್ಯರ ಗಡಿಗಳು ಈ ಊನ ಶ್ರಾದ್ಧಗಳ ಪಕ್ಕಕ್ಕೇ ಬಂದು ನಿಲ್ಲುವುದು ಕುತೂಹಲಕರವಾದರೂ ಅದೊಂದು ಕಾಕತಾಳೀಯ. ವ್ಯತ್ಯಾಸವಿರುವುದು ಬೇರೆಡೆ. ಕೈಪಿಡಿಯಲ್ಲಿ ಹನ್ನೆರಡನೆಯ ತಿಂಗಳು ಒಂದು ಬಾಗಿಲು. ಅದರ ಈಚೆ ದುಃಖ, ಆಚೆ ವ್ಯಾಧಿ. ಪಂಚಾಂಗದಲ್ಲಿ ಅದೊಂದು ಸರಣಿಯ ನಡುವಣ ಮೆಟ್ಟಿಲು. ಮೊದಲು ದಿನಗಳ ಅಂತರ, ಅನಂತರ ಪಕ್ಷದ್ದು, ಆಮೇಲೆ ತಿಂಗಳದ್ದು, ಕೊನೆಗೆ ವರ್ಷದ್ದು. ಶೋಕಕ್ಕೆ ಮುಕ್ತಾಯವಿಲ್ಲ, ವಿರಳವಾಗುತ್ತ ಹೋಗುವಿಕೆ ಮಾತ್ರ ಇದೆ. ಹನ್ನೆರಡನೆಯ ದಿನವೇ ಸಪಿಂಡೀಕರಣ ಮಾಡುವಲ್ಲಿ ಮುಂದಿನ ಮಾಸಿಕಗಳನ್ನು ಹಿಂದಕ್ಕೆಳೆದು ಒಟ್ಟಿಗೆ ಮುಗಿಸುವ ಅಪಕರ್ಷದ ಪದ್ಧತಿಯೂ ಇದೆ ಎಂಬುದನ್ನು ಗಮನಿಸಿದರೆ ಆಚರಣೆಯ ಕಾಲ ಎಷ್ಟು ನಮ್ಯವಾದುದೆಂದು ತಿಳಿಯುತ್ತದೆ. ಹೂಳುವ ಸಮುದಾಯಗಳಲ್ಲಿ ಈ ಸರಣಿ ಚಿಕ್ಕದು: ಮೂರನೆಯ ಅಥವಾ ಐದನೆಯ ದಿನ ಸಮಾಧಿಗೆ ಹಾಲುತುಪ್ಪ, ಹನ್ನೊಂದರ ತಿಥಿ, ಅನಂತರ ವರ್ಷವರ್ಷವೂ ಮಾರ್ಲಮಿಯ ಹೊತ್ತಿಗೆ ಹಿರಿಯರ ಎಡೆ. ಮುಸಲ್ಮಾನ ವಿಧವೆಗೆ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ. ಕ್ರೈಸ್ತರಿಗೆ ಪ್ರತಿ ನವೆಂಬರ್ 2ರಂದು ಸಮಾಧಿಗಳ ಬಳಿ ಪ್ರಾರ್ಥನೆ. ಒಂದೇ ಬಡಾವಣೆಯೊಳಗೆ ಇಷ್ಟು ಬಗೆಯ ಲೆಕ್ಕಗಳಿರುವಾಗ ಸಂಸ್ಕೃತಿಯ ಮಟ್ಟವೆಂಬ ಏಕವಚನ ಯಾವುದನ್ನು ಸೂಚಿಸುತ್ತದೆ?

ಅಳತೆಯ ದೃಷ್ಟಿಯಿಂದ ಇದರಲ್ಲಿ ಪ್ರಾಯೋಗಿಕವಾದ ತೊಡಕೊಂದಿದೆ. 2022ರ ಗಣೇಶ ಚತುರ್ಥಿಯ ದಿನ, ಎಂದರೆ ಆಗಸ್ಟ್ 31ರಂದು, ಒಬ್ಬರು ತೀರಿಕೊಂಡರೆನ್ನಿ. ಕೈಪಿಡಿಯ ಲೆಕ್ಕದಲ್ಲಿ 2023ರ ಆಗಸ್ಟ್ 31ಕ್ಕೆ ಹನ್ನೆರಡು ತಿಂಗಳು ತುಂಬಿತು. ಆದರೆ 2023ರಲ್ಲಿ ಅಧಿಕ ಶ್ರಾವಣ ಬಂದುದರಿಂದ ಭಾದ್ರಪದದ ಚೌತಿ ಸೆಪ್ಟೆಂಬರ್ ಮೂರನೆಯ ವಾರಕ್ಕೆ ಸರಿಯಿತು. ಆ ಮನೆಯ ಮೊದಲ ವರ್ಷ ಸುಮಾರು 384 ದಿನಗಳದಾಯಿತು. ಮರುವರ್ಷದ ಚೌತಿ 2024ರ ಸೆಪ್ಟೆಂಬರ್ 7ಕ್ಕೇ ಬಂದಿತು. ಎರಡನೆಯ ವರ್ಷಕ್ಕೆ ದೊರೆತದ್ದು ಸುಮಾರು 354 ದಿನ. ಡಿಎಸ್‌ಎಂ ಕೇಳುವುದು ಕಳೆದ ಒಂದು ತಿಂಗಳಿನಲ್ಲಿ ಹೆಚ್ಚುಕಡಿಮೆ ಪ್ರತಿದಿನವೂ ಹಂಬಲ, ನೋವುಗಳು ಇದ್ದವೇ ಎಂದು. 2023ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಆ ಮನೆಗೆ ಪ್ರಶ್ನಾವಳಿ ಹಿಡಿದು ಹೋದವರು ಕೇಳುವ ಕಳೆದ ತಿಂಗಳು ಯಾವುದು? ವರ್ಷಾಬ್ದಿಕಕ್ಕೆ ಪುರೋಹಿತರನ್ನು ಗೊತ್ತುಮಾಡಿ, ಹೆಣ್ಣುಮಕ್ಕಳಿಗೆ ಹೇಳಿಕಳುಹಿಸಿ, ಸತ್ತವರಿಗೆ ಇಷ್ಟವಾದ ಅಡಿಗೆ ಯಾವುದೆಂದು ಮಾತನಾಡಿಕೊಂಡು, ಇಡೀ ಮನೆ ಮತ್ತೊಮ್ಮೆ ಸಾವಿನ ಕಡೆಗೆ ಮುಖ ಮಾಡಿ ನಿಂತ ತಿಂಗಳು. ಹೋದ ಗಳಿಗೆ ಆಚರಣೆಯ ಅಲೆ ಏರುತ್ತಿದ್ದ ಗಳಿಗೆಯಾದರೆ, ದೊರೆತ ಅಂಕ ವ್ಯಕ್ತಿಯದ್ದೋ ಪಂಚಾಂಗದ್ದೋ ಎಂದು ಬೇರ್ಪಡಿಸಲು ಪ್ರಶ್ನಾವಳಿಯಲ್ಲಿ ಯಾವ ಸಾಧನವೂ ಇಲ್ಲ. ಸಂದರ್ಶನದ ದಿನಾಂಕದ ಜೊತೆಗೆ ಆ ಮನೆಯ ಮುಂದಿನ ತಿಥಿ ಎಷ್ಟು ದಿನ ದೂರವಿದೆ ಎಂಬುದನ್ನೂ ಬರೆದುಕೊಂಡರೆ ಇದರಲ್ಲಿ ಅರ್ಧ ತೊಡಕು ಪರಿಹಾರವಾಗುತ್ತದೆ.

ಇನ್ನು ಲಕ್ಷಣಗಳ ಪಟ್ಟಿ. ಕೈಪಿಡಿಯು ಎಂಟು ಲಕ್ಷಣಗಳನ್ನು ಹೇಳಿ ಕನಿಷ್ಠ ಮೂರು ಇರಬೇಕೆನ್ನುತ್ತದೆ. ಸಾವನ್ನು ನೆನಪಿಸುವ ಸಂಗತಿಗಳಿಂದ ದೂರವಿರುವುದು ಅವುಗಳಲ್ಲೊಂದು. ಧನಿಷ್ಠೆಯ ಉತ್ತರಾರ್ಧದಿಂದ ರೇವತಿಯವರೆಗಿನ ಐದು ನಕ್ಷತ್ರಗಳಲ್ಲಿ ಸಾವು ಸಂಭವಿಸಿದರೆ ಆ ಮನೆಯನ್ನೋ ಕೋಣೆಯನ್ನೋ ತಿಂಗಳುಗಟ್ಟಲೆ ಮುಚ್ಚುವ ಪದ್ಧತಿ ನಮ್ಮಲ್ಲಿ ವ್ಯಾಪಕವಾಗಿದೆ. ನಕ್ಷತ್ರಕ್ಕೆ ತಕ್ಕಂತೆ ಮೂರು ತಿಂಗಳು, ಆರು ತಿಂಗಳು ಹೀಗೆ ಅವಧಿ ಬದಲಾಗುತ್ತದೆ. ಗಂಡನನ್ನು ಕಳೆದುಕೊಂಡು ಆರು ತಿಂಗಳು ಬಾಡಿಗೆ ಮನೆಯಲ್ಲಿದ್ದು, ಬಾಗಿಲು ತೆರೆದು ಒಳಗೆ ಕಾಲಿಟ್ಟ ಹೆಂಗಸಿಗೆ ಅವನ ಮಂಚ, ಕನ್ನಡಕ, ಗೂಟದಲ್ಲಿ ತೂಗಿಹಾಕಿದ ಅಂಗಿ ಎಲ್ಲವೂ ಅಂದೇ ಎದುರಾಗುತ್ತವೆ. ಐಸಿಡಿ-11ರ ಪ್ರಕಾರ ಅವಳ ಸಹಜ ದುಃಖದ ಅವಧಿ ಅಂದಿಗೆ ಮುಗಿದಿರುತ್ತದೆ. ಅವಳ ಲೆಕ್ಕದಲ್ಲಿ ಮನೆಯೊಳಗಿನ ಸಾವು ಅಂದು ಆರಂಭವಾಗಿರುತ್ತದೆ.

ಸಂಬಂಧಗಳಿಗೂ ಚಟುವಟಿಕೆಗಳಿಗೂ ಮರಳಲಾಗದಿರುವುದು ಮತ್ತೊಂದು ಲಕ್ಷಣ. ವರ್ಷವಿಡೀ ಹಬ್ಬ ಮಾಡದ ಮನೆ, ಮಂಗಳಕಾರ್ಯಗಳಿಗೆ ಕರೆಯದೆ ಬಿಟ್ಟ ವಿಧವೆ, ಇವರು ಮರಳಲಾರದವರೋ ಮರಳಗೊಡದವರೋ? ಇಲ್ಲಿ ಸಂಸ್ಕೃತಿಯ ಷರತ್ತು ವೈದ್ಯನನ್ನು ತಪ್ಪು ನಿರ್ಣಯದಿಂದ ಕಾಪಾಡಬಹುದು. ಆದರೆ ಅದೇ ಷರತ್ತು ಅವಳ ಮೇಲಿನ ನಿರ್ಬಂಧವನ್ನು ಸಹಜವೆಂದು ಒಪ್ಪಿ ಮುಂದೆ ಸಾಗುತ್ತದೆ. ಎಮಿಲ್ ದುರ್ಖೈಮ್ 1912ರಲ್ಲಿ, ಶೋಕಾಚರಣೆಯು ವ್ಯಕ್ತಿಯ ಭಾವನೆಯ ಸಹಜ ಹೊಮ್ಮುವಿಕೆಯಲ್ಲ, ಸಮೂಹವು ವಿಧಿಸುವ ಕರ್ತವ್ಯವೆಂದು ವಾದಿಸಿದರು. ಕರ್ತವ್ಯದ ಭಾರ ಹೆಣ್ಣಿನ ಮೇಲೆ ಯಾವ ಪ್ರಮಾಣದಲ್ಲಿ ಬೀಳುತ್ತದೆಂಬುದನ್ನು ನಮ್ಮ ಹತ್ತನೆಯ ದಿನದ ಶಾಸ್ತ್ರಗಳನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ.

ವಾಕ್ಯರಚನೆಯ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ತನ್ನ ಒಂದು ಭಾಗವೇ ಸತ್ತಂತೆ ಅನ್ನಿಸುತ್ತದೆಯೇ ಎಂದು ಪ್ರಶ್ನಾವಳಿ ಕೇಳುತ್ತದೆ. ಅರ್ಧ ಜೀವ ಹೋಯಿತು, ಬಲಗೈ ಮುರಿದಂತಾಯಿತು ಎಂಬುವು ಕನ್ನಡದಲ್ಲಿ ಸಾವಿನ ಮನೆಯ ಸಾಮಾನ್ಯ ಮಾತುಗಳು. ಹಾಗೆ ಹೇಳದಿದ್ದರೆ ನೆರೆಯವರು ತಪ್ಪು ತಿಳಿದಾರು. ಹಂಬಲವೆಂಬ ಪದವನ್ನು ತೆಗೆದುಕೊಂಡರೆ ಅದು ಅಗಲಿದವರಿಗಾಗಿ ಪಡುವ ತಹತಹವೂ ಹೌದು, ಮಗನಿಗೆ ನೌಕರಿ ಸಿಗಲೆಂಬ ಆಸೆಯೂ ಹೌದು. ಕೊರಗು, ಹಲುಬು, ಮರುಗು, ಸೊರಗು ಇವುಗಳ ನಡುವಣ ಅಂತರವನ್ನು ಯಾವ ಅಂಕಪಟ್ಟಿಯಲ್ಲಿಯೂ ಒಂದು, ಎರಡು, ಮೂರು ಎಂದು ಏರಿಸಲಾಗದು. ಹಲುಬುವುದು ಕೇಳುವವರಿದ್ದಾಗ, ಕೊರಗುವುದು ಯಾರೂ ಇಲ್ಲದಾಗ.

ಹೇಳಿಕೊಂಡು ಅಳುವುದು ಎಂಬ ನಮ್ಮ ಹೆಂಗಸರ ಪ್ರಲಾಪದ ರೂಢಿಯನ್ನು ಗಮನಿಸಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಪ್ರಶ್ನಾವಳಿಯ ವಾಕ್ಯಗಳು ಉತ್ತಮ ಪುರುಷದಲ್ಲಿವೆ, ಅಪರಿಚಿತರ ಮುಂದೆ ಒಪ್ಪಿಕೊಳ್ಳಬೇಕಾದವು. ಪ್ರಲಾಪದ ವಾಕ್ಯಗಳು ಮಧ್ಯಮ ಪುರುಷದಲ್ಲಿವೆ, ಸತ್ತವರನ್ನೇ ಎದುರಿಗೆ ಕೂರಿಸಿಕೊಂಡು ಆಡುವಂಥವು. ಬಿಟ್ಟುಹೋದದ್ದಕ್ಕೆ ಆಕ್ಷೇಪ, ಕೊಟ್ಟ ಮಾತಿನ ನೆನಪು, ತವರಿನ ಬಾಗಿಲು ಮುಚ್ಚಿದ್ದಕ್ಕೆ ಸಿಟ್ಟು ಎಲ್ಲವೂ ಅವರ ಮೇಲೆಯೇ. ಸಿಟ್ಟು, ಕಹಿಗಳನ್ನು ಲಕ್ಷಣಗಳೆಂದು ಪಟ್ಟಿಮಾಡುವವರಿಗೆ ಅವುಗಳಿಗೆ ಇಂಥ ವಿಳಾಸವೊಂದಿರಬಹುದೆಂಬ ಅರಿವಿಲ್ಲ. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಚಂದ್ರಮತಿಯ ಪ್ರಲಾಪ ಕೇಳುಗರನ್ನು ಇಂದಿಗೂ ಕಲಕುವುದು ಸತ್ತ ಮಗನನ್ನು ಅವಳು ಮಾತನಾಡಿಸುವುದರಿಂದಲೇ. 1995ರ ಪಟ್ಟಿಯಲ್ಲಿ ಸತ್ತವರ ದನಿ ಕೇಳುವುದು, ಅವರು ಎದುರಿಗೆ ನಿಂತಂತೆ ಕಾಣುವುದು ಲಕ್ಷಣಗಳಾಗಿ ಸೇರಿದ್ದವು. ಈಗಿನ ಕೈಪಿಡಿಯ ಎಂಟರಲ್ಲಿ ಅವಿಲ್ಲ. ಒಳ್ಳೆಯದಾಯಿತು. ಕನಸಿನಲ್ಲಿ ಬಂದು ಊಟ ಕೇಳಿದರೆಂದು ಎಡೆಯಿಡುವ ಸೊಸೆಯಂದಿರೆಲ್ಲ ಇಲ್ಲವಾದರೆ ಅಂಕಪಟ್ಟಿಯೊಳಗೆ ಸೇರಿಬಿಡುತ್ತಿದ್ದರು.

ನನ್ನ ದೃಷ್ಟಿಯಲ್ಲಿ ಈ ಸೀಮೆಯ ಅತ್ಯಂತ ಮುಖ್ಯವಾದ ಶೋಕಮಾಪನ ಕಾಗೆಯದು. ಎಡೆಯನ್ನು ಎಲೆಯಲ್ಲಿಟ್ಟು ಕಾಯುತ್ತಾರೆ. ಕಾಗೆ ಬಂದು ಮುಟ್ಟಿದರೆ ಸತ್ತವರಿಗೆ ತೃಪ್ತಿ. ಮುಟ್ಟದಿದ್ದರೆ ಏನೋ ಉಳಿದಿದೆ. ಆಗ ಮನೆಯವರು ಒಬ್ಬೊಬ್ಬರಾಗಿ ಮುಂದೆ ಬಂದು ಗಟ್ಟಿಯಾಗಿ ಮಾತು ಕೊಡುತ್ತಾರೆ. ತಂಗಿಯ ಮದುವೆ ಮಾಡುತ್ತೇನೆಂದು ಒಬ್ಬ, ಸಾಲ ತೀರಿಸುತ್ತೇನೆಂದು ಇನ್ನೊಬ್ಬ, ಅಮ್ಮನನ್ನು ನೋಡಿಕೊಳ್ಳುತ್ತೇನೆಂದು ಮತ್ತೊಬ್ಬ. ಬಂಧ ಹರಿಯಿತೇ ಇಲ್ಲವೇ ಎಂಬ ಪ್ರಶ್ನೆಯನ್ನು ಪ್ರಶ್ನಾವಳಿ ಬದುಕಿರುವವನಿಗೆ ಕೇಳಿದರೆ, ಇಲ್ಲಿ ಅದನ್ನು ಸತ್ತವನಿಗೆ ಕೇಳಲಾಗುತ್ತದೆ. ತೀರದ ಆಸೆ ಅವನದು. ಅದಕ್ಕೆ ಪರಿಹಾರ ಹೇಳಬೇಕಾದವರು ಉಳಿದವರು, ಅದೂ ನಾಲ್ಕು ಜನರೆದುರಿಗೆ. ಬದುಕಿರುವವಳ ಎದೆಯಲ್ಲಿ ದುಃಖ ಎಷ್ಟಿದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಅದು ಈ ಪದ್ಧತಿಯ ಬಲವೂ ಹೌದು, ಕೊರತೆಯೂ ಹೌದು.

ಕೊರತೆಯ ಮಾತನ್ನು ನಮ್ಮವರು ಸಾಮಾನ್ಯವಾಗಿ ಆಡುವುದಿಲ್ಲ. ಆಚರಣೆಗಳು ದುಃಖವನ್ನು ಶಮನಗೊಳಿಸುತ್ತವೆ ಎಂಬ ವಾಕ್ಯ ನಮ್ಮ ಎಷ್ಟೋ ಪ್ರಬಂಧಗಳಲ್ಲಿ ಸಾಕ್ಷ್ಯದ ಬೆಂಬಲವಿಲ್ಲದೆ ಉಪಸಂಹಾರವಾಗಿ ಬಂದು ಕುಳಿತಿರುತ್ತದೆ. ರಾಬರ್ಟ್ ಹರ್ಟ್ಸ್ 1907ರಷ್ಟು ಹಿಂದೆಯೇ, ಸಮಾಜವು ಎಲ್ಲ ಸಾವುಗಳನ್ನೂ ಒಂದೇ ಬಗೆಯಾಗಿ ಕಾಣುವುದಿಲ್ಲ, ಮಕ್ಕಳ ಸಾವು ಅದನ್ನು ಅಷ್ಟಾಗಿ ತಟ್ಟುವುದಿಲ್ಲ ಎಂದು ತೋರಿಸಿದ್ದರು. ಎರಡು ವರ್ಷ ತುಂಬದ ಕೂಸನ್ನು ಹೂಳಬೇಕು, ಅದಕ್ಕೆ ಉದಕಕ್ರಿಯೆಯಿಲ್ಲ ಎನ್ನುತ್ತದೆ ಮನುಸ್ಮೃತಿ. ರೂಢಿಯಲ್ಲಿಯೂ ಹಸುಗೂಸಿನ ಸಾವಿಗೆ ಎಡೆಯಿಲ್ಲ, ವರ್ಷಾಬ್ದಿಕವಿಲ್ಲ. ಪಂಚಾಂಗ ನೋಡಿಸುವ ಪ್ರಸಂಗವೇ ಬರುವುದಿಲ್ಲ. ಈಗ ಕೈಪಿಡಿಯ ಷರತ್ತನ್ನು ಇಲ್ಲಿಗೆ ಅನ್ವಯಿಸಿ ನೋಡಿದರೆ, ಸಂಸ್ಕೃತಿಯು ಆ ತಾಯಿಗೆ ಒಪ್ಪುವ ಶೋಕದ ಮಟ್ಟ ಸೊನ್ನೆ. ಅವಳ ಯಾವ ಕಣ್ಣೀರೂ ಮಟ್ಟ ಮೀರಿದ್ದೇ. ಅನಾಚಾರದ ಸಾವುಗಳು, ಹೆಸರಿಲ್ಲದ ಸಂಬಂಧಗಳಲ್ಲಿ ಉಳಿದವರು, ಕರ್ತೃತ್ವವಿಲ್ಲದ ಹೆಣ್ಣುಮಕ್ಕಳು ಇವರ ವಿಷಯದಲ್ಲಿಯೂ ಹೀಗೆಯೇ. ಆಚರಣೆಯ ಮಟ್ಟವೆಂಬುದು ಮನೆತನದ ಮಟ್ಟ, ದುಃಖಿಸುವವರದ್ದಲ್ಲ. ಇವೆರಡನ್ನೂ ಒಂದೆಂದು ತಿಳಿದಿರುವುದೇ ಈ ಷರತ್ತಿನ ಮೂಲದೋಷ.

ಎಲ್ಲ ಕಡೆಯೂ ಹೀಗಿಲ್ಲ. ತುಳುನಾಡಿನಲ್ಲಿ, ಗಡಿಯಾಚೆಯ ಕಾಸರಗೋಡಿನಲ್ಲಿ ಕೂಡ, ಎಳೆವಯಸ್ಸಿನಲ್ಲಿ ಸತ್ತ ಮಕ್ಕಳು ಕುಲೆಗಳಾಗಿ ಬೆಳೆಯುತ್ತಾರೆಂಬ ನಂಬಿಕೆಯಿದೆ. ಹದಿನೈದು, ಇಪ್ಪತ್ತು ವರ್ಷಗಳ ಬಳಿಕ ಮನೆಯಲ್ಲಿ ಮದುವೆಗೋ ಆರೋಗ್ಯಕ್ಕೋ ತಡೆಯುಂಟಾದಾಗ, ಕುಲೆ ಮದುವೆಯನ್ನು ಕೇಳುತ್ತಿದೆ ಎಂದು ತಿಳಿದುಬರುತ್ತದೆ. ಅದೇ ರೀತಿ ಸತ್ತ ಮಗುವಿರುವ ಇನ್ನೊಂದು ಮನೆಯನ್ನು ಹುಡುಕಿ, ಮಾತುಕತೆಯಾಡಿ, ಸೀರೆ ಬಳೆಗಳನ್ನಿಟ್ಟು ಕುಲೆಗಳ ಮದುವೆ ಮಾಡುತ್ತಾರೆ. ಅಂದಿನಿಂದ ಎರಡೂ ಮನೆಯವರು ಬೀಗರು. ಆಟಿ ತಿಂಗಳಲ್ಲಿ ಕುಲೆಗಳಿಗೆ ಬಡಿಸುವುದಂತೂ ವರ್ಷವರ್ಷದ ರೂಢಿ. ಮೈಸೂರಿನ ತಾಯಿಗೆ ದಿನಾಂಕವೇ ಇಲ್ಲದ ಕಡೆ, ಪುತ್ತೂರಿನ ತಾಯಿ ತನ್ನ ಮಗಳಿಗೆ ಈಗ ಎಷ್ಟು ವಯಸ್ಸೆಂದು ಬಲ್ಲಳು. ಹನ್ನೆರಡು ತಿಂಗಳಿಗೆ ಅಳತೆ ಮುಗಿಸುವ ಪ್ರಶ್ನಾವಳಿಗೆ ಇಪ್ಪತ್ತನೆಯ ವರ್ಷದಲ್ಲಿ ತೆರೆಯುವ ಈ ಲೆಕ್ಕ ಕಾಣುವುದೇ ಇಲ್ಲ. ಕರ್ನಾಟಕವೆಂಬ ಒಂದೇ ರಾಜ್ಯದೊಳಗಿನ ಅಂತರ ಇದು. ಜರ್ಮನ್ ಮತ್ತು ಚೀನೀ ಸಂಸ್ಕೃತಿಗಳ ನಡುವಣದಲ್ಲ.

ಹಾಗೆಂದು ದೀರ್ಘಶೋಕವೆಂಬುದೇ ಇಲ್ಲ, ಎಲ್ಲವೂ ಪಾಶ್ಚಾತ್ಯರ ಕಲ್ಪನೆ ಎನ್ನುವ ಸುಲಭದ ನಿಲುವನ್ನು ನಾನು ಒಪ್ಪುವುದಿಲ್ಲ. ಆಚರಣೆಗಳೆಲ್ಲ ಕ್ರಮವಾಗಿ ನಡೆದ ಮೇಲೂ ಏಳಲಾರದೆ ಉಳಿದವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಅವಳು ಅಂದಿನಿಂದ ಹಾಗೆಯೇ ಇದ್ದಾಳೆ ಎಂದು ಊರವರು ಹೇಳುವ ಹೆಂಗಸನ್ನು ಕ್ಷೇತ್ರಕಾರ್ಯಕ್ಕೆ ಹೋದ ಯಾರು ಕಂಡಿಲ್ಲ? ಕ್ಯಾಥರೀನ್ ಶಿಯರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗವು, ಶೋಕಕ್ಕೆಂದೇ ರೂಪಿಸಿದ ಚಿಕಿತ್ಸೆ ಇಂಥವರಲ್ಲಿ ಸಾಮಾನ್ಯ ಆಪ್ತಚಿಕಿತ್ಸೆಗಿಂತ ಹೆಚ್ಚು ಫಲಕಾರಿಯೆಂದು ತೋರಿಸಿತು. ಅವಳನ್ನು ಗುರುತಿಸುವ ಅಳತೆಗೋಲು ಬೇಕೇ ಬೇಕು. ಕೋವಿಡ್ ಕಾಲದಲ್ಲಿ ಮುಖ ನೋಡದೆ, ಹಾಲುತುಪ್ಪವಿಲ್ಲದೆ, ಹನ್ನೊಂದಕ್ಕೆ ನಾಲ್ಕು ಜನರೂ ಸೇರದೆ ಉಳಿದವರನ್ನು ನೆನೆದರೆ ಇದರ ತುರ್ತು ಅರ್ಥವಾಗುತ್ತದೆ. 2021ರ ಜೂನ್‌ನಲ್ಲಿ ವಾರಸುದಾರರು ಒಯ್ಯದ ನೂರಾರು ಜನರ ಅಸ್ಥಿಯನ್ನು ಸರ್ಕಾರವೇ ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ವಿಸರ್ಜಿಸಿತು. ಆ ಮನೆಗಳಲ್ಲಿ ಯಾವ ದಿನದಿಂದ ತಿಂಗಳುಗಳನ್ನು ಎಣಿಸುವುದು?

ವೈದ್ಯರು ಈ ಪ್ರಶ್ನೆಯನ್ನು ನಮ್ಮ ಬಳಿ ತಂದರೆ ಕೊಡಲು ನಮ್ಮಲ್ಲಿರುವುದು ಅತ್ಯಲ್ಪ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿಯೇ ಪಟ್ಟೋಲೆ ಪಳಮೆಯಲ್ಲಿ ಕೊಡವರ ಸಾವಿನ ಹಾಡುಗಳನ್ನು ಮದುವೆಯ ಹಾಡುಗಳೊಡನೆ ಸೇರಿಸಿದ್ದರು. ಆ ಸಮದೃಷ್ಟಿ ಬಯಲುಸೀಮೆಯ ಸಂಗ್ರಹಗಳಲ್ಲಿ ವಿರಳ. ಸೋಬಾನೆಗೆ ಸಿಕ್ಕ ಪುಟಗಳಲ್ಲಿ ಹತ್ತರಲ್ಲೊಂದು ಪಾಲಾದರೂ ಹೇಳಿಕೊಂಡು ಅಳುವ ಮಾತುಗಳಿಗೆ ದೊರೆತಂತೆ ಕಾಣುವುದಿಲ್ಲ. ದಾಖಲಾದ ಕಡೆಯಲ್ಲಿಯೂ ನಾವು ಬರೆದಿಟ್ಟಿರುವುದು ಹನ್ನೊಂದನೆಯ ದಿನದವರೆಗೆ. ಹನ್ನೆರಡನೆಯ ದಿನ ನೆಂಟರು ಹೊರಟಂತೆ ಸಂಶೋಧಕರೂ ಹೊರಟಿದ್ದಾರೆ. ಮೂರನೆಯ ತಿಂಗಳಲ್ಲಿ, ಎಂಟನೆಯ ವರ್ಷದಲ್ಲಿ ಅದೇ ಮನೆಗೆ ಮರಳಿ ಹೋಗಿ ಕೇಳಿದವರು ಕಡಿಮೆ.

ಕೇಳುವ ಬಗೆಯಾದರೂ ತಿದ್ದಿಕೊಳ್ಳಬೇಕಾದದ್ದೇ. ಎಷ್ಟು ಮಕ್ಕಳು ಎಂಬ ಪ್ರಶ್ನೆಗೆ ನಮ್ಮ ಹಳ್ಳಿಗಳ ಹಿರಿಯ ಹೆ್ಂಗಸರು ಕೊಡುವ ಉತ್ತರಕ್ಕೆ ಒಂದು ಖಚಿತವಾದ ಧಾಟಿಯಿದೆ: ಹೆತ್ತದ್ದು ಎಂಟು, ಉಳಿದದ್ದು ಐದು. ಎಡೆಯೂ ತಿಥಿಯೂ ಇಲ್ಲದ ಮೂವರನ್ನು ಐವತ್ತು ವರ್ಷಗಳ ಮೇಲೂ ಅವರು ಎಣಿಕೆಯಿಂದ ಬಿಡುವುದಿಲ್ಲ. ಕ್ಷೇತ್ರಕಾರ್ಯದ ನಮೂನೆಯಲ್ಲಿ ಮಕ್ಕಳ ಸಂಖ್ಯೆಗೆಂದು ಇರುವುದು ಒಂದೇ ಮನೆ. ಅದರಲ್ಲಿ ನಾವು ಐದು ಎಂದು ಬರೆದುಕೊಂಡು ಬರುತ್ತೇವೆ.